ಕೀಲಿ ಹಾಕಿದ ಪುಟಗಳ ಪರೀಕ್ಷೆ

ಪಾಲಕರಲ್ಲಿ ಅನೇಕರು ಈ ವರ್ಷ ನಮ್ಮನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದಿರುವರು. "ಮಕ್ಕಳ ಅಂಕಗಳನ್ನೂ ಸಹಾಯಧನದ ಲೆಕ್ಕವನ್ನೂ ಮನೆಯಲ್ಲಿಯೇ ಕುಳಿತು ಫೋನಿನಲ್ಲಿ ನೋಡುವ ಏರ್ಪಾಡು ಆಗುವುದೆಂದು ಕಳೆದ ವಾರ್ಷಿಕೋತ್ಸವದಲ್ಲಿ ಹೇಳಿದಿರಿ. ಕೆಲಸ ಮುಗಿಯಿತೆಂದೂ ಕೇಳಿದೆವು. ಮತ್ತೆ ಬಾಗಿಲನ್ನೇಕೆ ತೆರೆದಿಲ್ಲ?" ಎಂಬುದೇ ಆ ಪ್ರಶ್ನೆ.

ಪ್ರಶ್ನೆ ನ್ಯಾಯವಾದುದು. ಒಬ್ಬೊಬ್ಬರಿಗೆ ಬಾಯಿಮಾತಿನಲ್ಲಿ ಕೊಟ್ಟ ಉತ್ತರವು ಅರ್ಧಮರ್ಧವಾಗಿಯೇ ಉಳಿದುದರಿಂದ, ಈ ಸಂಚಿಕೆಯಲ್ಲಿ ಅದನ್ನು ತುಸು ವಿಸ್ತಾರವಾಗಿ ಬರೆಯಲು ನಿಶ್ಚಯಿಸಿದೆವು. ವಿಷಯವು ಯಂತ್ರಕ್ಕೆ ಸಂಬಂಧಿಸಿದುದು ನಿಜ. ಆದರೆ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಮನೆಯ ಹಿರಿಯರಿಗೆ ಓದಿ ಹೇಳಿದರೆ ತಿಳಿಯದೆ ಹೋಗುವಂಥದು ಇದರಲ್ಲಿ ಏನೂ ಇಲ್ಲ.

ಲಾಗಿನ್ ಎಂಬ ಮಾತು ಇಂದು ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಯಾವ ಮನೆಗೂ ಹೊಸತಲ್ಲ. ನಮ್ಮ ಹಿರಿಯರ ಕಾಲದಲ್ಲಿ ಸರಕಾರಿ ಕಾಗದವೊಂದು ಬೇಕಾದರೆ ಕಚೇರಿಗೇ ಹೋಗಬೇಕಾಗಿತ್ತು. ಆ ಕಚೇರಿಯೂ ಒಂದೇ ಕಡೆ ನಿಂತಿರಲಿಲ್ಲ. 1956ರ ನವೆಂಬರ್ 1ರವರೆಗೆ ಗದ್ವಾಲವು ರಾಯಚೂರು ಜಿಲ್ಲೆಗೆ ಸೇರಿತ್ತು. ಅಲ್ಲಿಂದಾಚೆ ಅಲ್ಲಿಯವರು ಮಹಬೂಬನಗರದ ದಾರಿ ಹಿಡಿದರು. 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ತಾವೇ ಜಿಲ್ಲಾಸ್ಥಾನಗಳಾದವು. ಈಗಲಾದರೋ ಕಚೇರಿಯು ಕಿಸೆಯೊಳಗಿನ ಫೋನಿಗೇ ಬಂದಿದೆ. ವಿದ್ಯಾರ್ಥಿವೇತನದ ಅರ್ಜಿಗೆ ಈ-ಪಾಸ್ ತಾಣ. ಪ್ರಮಾಣಪತ್ರಗಳನ್ನು ಕಾಯ್ದಿಡಲು 2015ರಲ್ಲಿ ಆರಂಭವಾದ ಡಿಜಿಲಾಕರ್. ಹೊಲದ ದಾಖಲೆಗೆ 2020ರ ಅಕ್ಟೋಬರ್‌ನಲ್ಲಿ ತೆರೆದ ಧರಣಿ ತಾಣ, ಅದಕ್ಕೆ ಬದಲಾಗಿ 2025ರ ಏಪ್ರಿಲ್‌ನಲ್ಲಿ ಬಂದ ಭೂಭಾರತಿ. ಇವೆಲ್ಲವುಗಳಲ್ಲಿಯೂ ಎಲ್ಲರೂ ನೋಡಬಹುದಾದ ಕೆಲವು ಪುಟಗಳಿರುವವು. ಕೀಲಿ ಹಾಕಿದ ಕೆಲವು ಪುಟಗಳೂ ಇರುವವು. ಹೆಸರು ಮತ್ತು ಪಾಸ್‌ವರ್ಡನ್ನಾಗಲಿ, ಫೋನಿಗೆ ಬರುವ ಒಟಿಪಿಯನ್ನಾಗಲಿ ಕೊಟ್ಟವರಿಗೆ ಮಾತ್ರ ಎರಡನೆಯವು ತೆರೆಯತಕ್ಕವು. ನಮ್ಮ ಸಂಘದ ತಾಣದಲ್ಲಿಯೂ ಅಂಥ ಪುಟಗಳನ್ನು ಕಟ್ಟಿಸಿದೆವು. ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ರಾತ್ರಿಯ ಬಿಡುವಿನಲ್ಲಿ ಅವನ್ನು ಉಚಿತವಾಗಿ ರಚಿಸಿಕೊಟ್ಟರು. ಮುಂದೆ ನಾವು ಹೇಳಲಿರುವ ತಪ್ಪುಗಳಿಗಾಗಿ ಯಾರೂ ಅವರನ್ನು ದೂಷಿಸಬಾರದು; ಪರೀಕ್ಷೆಗೆ ಕುಳಿತ ಮೊದಲ ದಿನ ಅವರೇ, "ಇದರಲ್ಲಿ ತಪ್ಪಿಲ್ಲವೆಂದು ನಾನು ಹೇಳಲಾರೆ, ಹುಡುಕಿರಿ" ಎಂದರು.

ಕೀಲಿಯ ಪುಟವು ಹೇಗೆ ಕೆಲಸಮಾಡುವುದೆಂಬುದನ್ನು ಮೊದಲು ತಿಳಿಯೋಣ. ಪುಟಗಳನ್ನು ಇಟ್ಟುಕೊಂಡಿರುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದನ್ನು ಗವಾಕ್ಷಿಯ ಹಿಂದೆ ಕುಳಿತ ಒಬ್ಬ ಗುಮಾಸ್ತನೆಂದು ಭಾವಿಸಿರಿ. ಈ ಗುಮಾಸ್ತನು ಬಲು ಚುರುಕು, ಆದರೆ ಅವನಿಗೆ ಮುಖದ ನೆನಪು ಇಲ್ಲವೇ ಇಲ್ಲ. ಒಂದು ಕಾಗದವನ್ನು ಕೊಟ್ಟು ಕಳುಹಿಸಿದ ಮರುಕ್ಷಣ ನೀವು ಮತ್ತೊಂದನ್ನು ಕೇಳಿದರೆ, ನಿಮ್ಮನ್ನು ಹೊಸಬರೆಂದೇ ಎಣಿಸುವನು. ಹೀಗಾದರೆ ಪ್ರತಿಯೊಂದು ಪುಟಕ್ಕೂ ಪಾಸ್‌ವರ್ಡನ್ನು ಬರೆಯಬೇಕಾದೀತು. ಇದಕ್ಕೆ 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬ ಎಂಜಿನಿಯರರು ಒಂದು ಉಪಾಯ ಹೂಡಿದರು. ಒಮ್ಮೆ ಪಾಸ್‌ವರ್ಡನ್ನು ಸರಿಯಾಗಿ ಹೇಳಿದವನ ಕೈಗೆ ಗುಮಾಸ್ತನು ಒಂದು ಬಿಲ್ಲೆಯನ್ನು ಕೊಡುವನು. ಮುಂದೆ ಆತನು ಬಂದಾಗಲೆಲ್ಲ ಬಿಲ್ಲೆಯನ್ನು ತೋರಿಸಿದರೆ ಸಾಕು. ಈ ಬಿಲ್ಲೆಗೆ ಕುಕಿ ಎನ್ನುವರು. ನಮ್ಮ ಫೋನಿನ ಬ್ರೌಸರು ನಮಗೆ ಹೇಳದೆಯೇ ಅದನ್ನು ಪ್ರತಿ ಸಲವೂ ತೋರಿಸುತ್ತಿರುವುದು. ಆದುದರಿಂದ ಬಿಲ್ಲೆಯು ಯಾರ ಕೈಯಲ್ಲಿದೆಯೋ ಗುಮಾಸ್ತನ ಪಾಲಿಗೆ ಅವನೇ ಯಜಮಾನ. ಈ ಮಾತನ್ನು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುವುದು.

ಕೀಲಿಯ ಪುಟವನ್ನು ಪರೀಕ್ಷಿಸುವುದೆಂದರೆ ಸರಿಯಾದ ಪಾಸ್‌ವರ್ಡ್ ಕೊಟ್ಟು, ಪುಟವು ತೆರೆಯಿತೆಂದು ಸಂತೋಷಪಡುವುದು ಎಂದೇ ಬಹುಜನರ ತಿಳಿವಳಿಕೆ. ನಮ್ಮದೂ ಮೊದಲು ಅಷ್ಟೇ ಆಗಿತ್ತು. ಗದ್ವಾಲದ ಬಳಿಯ ಜುರಾಲ ಅಣೆಕಟ್ಟಿನ ಬಾಗಿಲುಗಳನ್ನು ನಮ್ಮ ವಿದ್ಯಾರ್ಥಿಗಳು ಪ್ರವಾಸದಲ್ಲಿ ಕಂಡಿರುವರು. ಬಾಗಿಲು ಮೇಲೇರಿ ಕೃಷ್ಣೆ ಧುಮುಕುವ ನೋಟವೇನೋ ಚೆಂದ. ಆದರೆ ಬಾಗಿಲು ಸುಸ್ಥಿತಿಯಲ್ಲಿದೆಯೇ ಎಂದು ಅರಿಯಬೇಕಾದವನು ಅದು ಮುಚ್ಚಿದಾಗ ಅಂಚಿನಲ್ಲಿ ನೀರು ಜಿನುಗುತ್ತಿದೆಯೇ ಎಂದು ನೋಡಬೇಕು. ಅಂತೆಯೇ ಇಲ್ಲಿಯೂ. ತೆರೆಯಬೇಕಾದವನಿಗೆ ತೆರೆಯಿತೇ ಎಂಬುದು ಒಂದು ಪಾಲು. ತೆರೆಯಬಾರದವರೆಲ್ಲರಿಗೂ ಮುಚ್ಚಿಯೇ ಇದ್ದಿತೇ ಎಂಬುದು ಉಳಿದ ಒಂಬತ್ತು ಪಾಲು.

ಈ ವಿದ್ಯೆಯಲ್ಲಿ ಎಡವಿದವರು ನಾವೇ ಮೊದಲಿಗರಲ್ಲವೆಂಬುದಕ್ಕೆ ಒಂದು ಹಳೆಯ ಸಂಗತಿಯುಂಟು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯೊಂದನ್ನು ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬವರ ತಂಡವು 1961ರಲ್ಲಿ ಪ್ರದರ್ಶಿಸಿತು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಿರಲೆಂದು ಅದರಲ್ಲಿ ಪ್ರತಿಯೊಬ್ಬರಿಗೂ ಪಾಸ್‌ವರ್ಡನ್ನು ಕೊಟ್ಟರು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧಕನು, ತನಗೆ ವಾರಕ್ಕೆ ದೊರೆಯುತ್ತಿದ್ದ ಯಂತ್ರದ ವೇಳೆಯು ಸಾಲದೆಂದು, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಅಚ್ಚುಮಾಡಿಸಿಕೊಂಡನು. ಇನ್ನು 1966ರಲ್ಲಿ ನಡೆದುದಂತೂ ವಿನೋದ. ಇಬ್ಬರು ಅಧಿಕಾರಿಗಳು ಏಕಕಾಲಕ್ಕೆ ತಿದ್ದುಪಡಿ ನಡೆಸಿದ್ದರು. ಒಬ್ಬನು ಒಳಬಂದವರಿಗೆ ಕಾಣುವ ಸ್ವಾಗತದ ಒಕ್ಕಣೆಯನ್ನು, ಮತ್ತೊಬ್ಬನು ಪಾಸ್‌ವರ್ಡುಗಳ ಪಟ್ಟಿಯನ್ನು. ಯಂತ್ರದೊಳಗೆ ಎರಡೂ ಅದಲುಬದಲಾದವು. ಅಂದು ಲಾಗಿನ್ ಮಾಡಿದವರಿಗೆಲ್ಲ ಸ್ವಾಗತಕ್ಕೆ ಬದಲು ಸಮಸ್ತರ ಪಾಸ್‌ವರ್ಡುಗಳ ದರ್ಶನವಾಯಿತು! ಎರಡು ಸಲವೂ ಪಾಸ್‌ವರ್ಡನ್ನು ಕೇಳುವ ಬಾಗಿಲು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಕೆಟ್ಟಿದ್ದುದು ಅದರ ಪಕ್ಕದ ಗೋಡೆ.

ಈಗ ನಮ್ಮ ಪರೀಕ್ಷೆಗೆ ಬರೋಣ. ನಿಜವಾದ ಮಕ್ಕಳ ವಿವರಗಳನ್ನು ಮುಟ್ಟದೆ, ತಾಣದ ನಕಲೊಂದನ್ನು ಬೇರೆ ಯಂತ್ರದಲ್ಲಿ ಇರಿಸಿಕೊಂಡೆವು. ಅದರಲ್ಲಿ 101ರಿಂದ 124ರವರೆಗೆ ದಾಖಲೆ ಸಂಖ್ಯೆಗಳುಳ್ಳ ಇಪ್ಪತ್ತುನಾಲ್ಕು ಮಂದಿ ಕಲ್ಪಿತ ವಿದ್ಯಾರ್ಥಿಗಳನ್ನು ಸೇರಿಸಿ, ಅವರಿಗೆ ನದಿಗಳ ಹೆಸರನ್ನಿಟ್ಟೆವು. ಪ್ರತಿ ವಿದ್ಯಾರ್ಥಿಗೆ ಮೂರು ಪುಟ, ಸಾಮಾನ್ಯವಾದವು ಎಂಟು. ಒಟ್ಟು ಎಂಬತ್ತು ಪುಟಗಳು. ಇವನ್ನೆಲ್ಲ ಕೈಯಿಂದಲೇ ನೋಡುವುದು ಬೇಸರವೆಂದು, ಪುಟದಿಂದ ಪುಟಕ್ಕೆ ಕೊಂಡಿಗಳನ್ನು ಹಿಡಿದು ತಾನಾಗಿಯೇ ನಡೆದು ಪರಿಶೀಲಿಸುವ ಒಂದು ಸಾಫ್ಟ್‌ವೇರನ್ನು ನಮ್ಮ ಹಳೆಯ ವಿದ್ಯಾರ್ಥಿಯು ತಂದರು. ಪುಟಗಳ ವಿಳಾಸಗಳ ಪಟ್ಟಿಯನ್ನು ಅದಕ್ಕೆ ಕೊಟ್ಟೆವು. ಕೆಲವೇ ಕ್ಷಣಗಳಲ್ಲಿ ಅದು ಎಂಬತ್ತು ಪುಟಗಳೂ ನಿರ್ದೋಷವೆಂದು ವರದಿ ಒಪ್ಪಿಸಿತು. ನಾವು ಚಹಾ ತರಿಸಿದೆವು.

ಚಹಾ ಮುಗಿಯುವುದರೊಳಗೆ ಸಂದೇಹ ಹುಟ್ಟಿತು. ಅದಕ್ಕೆ ನಾವು ಪಾಸ್‌ವರ್ಡನ್ನೇ ಕೊಟ್ಟಿರಲಿಲ್ಲ! ಹಾಗಾದರೆ ಒಳಗಿನ ಪುಟಗಳನ್ನು ಅದು ಕಂಡುದು ಹೇಗೆ? ಕಂಡಿರಲಿಲ್ಲ. ಪ್ರತಿಯೊಂದು ವಿಳಾಸಕ್ಕೂ ಸರ್ವರು ಅದನ್ನು ಲಾಗಿನ್ ಪುಟಕ್ಕೆ ಕಳುಹಿಸಿತ್ತು. ಅದು ಎಂಬತ್ತು ಸಲವೂ ಅದೇ ಲಾಗಿನ್ ಪುಟವನ್ನು ನೋಡಿ, ಎಂಬತ್ತು ಸಲವೂ ತೃಪ್ತವಾಗಿತ್ತು. ಶಾಲೆಯ ತನಿಖೆಗೆ ಬಂದವರು ಪಡಸಾಲೆಯಲ್ಲಿಯೇ ಎಂಟು ಸಲ ಕುಳಿತೆದ್ದು, ಎಂಟು ತರಗತಿಗಳೂ ಉತ್ತಮವಾಗಿವೆಯೆಂದು ಷರಾ ಬರೆದು ಹೋದಂತಾಯಿತು.

ಇಂಥ ಮೋಸ ಏಕಾಗುವುದೆಂದರೆ, ಸರ್ವರು ತನ್ನ ಪ್ರತಿಯೊಂದು ಉತ್ತರದ ಶಿರೋಭಾಗದಲ್ಲಿ ಮೂರಂಕಿಯ ಒಂದು ಸಂಖ್ಯೆಯನ್ನು ಬರೆಯುವುದು. 200 ಎಂದರೆ "ಇದೋ, ಕೇಳಿದುದನ್ನು ತೆಗೆದುಕೊಳ್ಳಿ". 302 ಎಂದರೆ "ಆ ಕಡೆಗೆ ಹೋಗಿ". 401 ಎಂದರೆ "ತಾವು ಯಾರೆಂದು ತಿಳಿಯದು". 403 ಎಂದರೆ "ಯಾರೆಂದು ತಿಳಿಯಿತು, ಆದರೆ ಇದು ತಮಗಲ್ಲ". 404 ಎಂದರೆ "ಅಂಥದು ಇಲ್ಲಿಲ್ಲ". ನಮ್ಮ ಸಾಫ್ಟ್‌ವೇರು 302ರ ಮಾತಿನಂತೆ ಲಾಗಿನ್ ಪುಟಕ್ಕೆ ಹೋಗಿ, ಅಲ್ಲಿ 200 ದೊರೆತೊಡನೆ ಗೆದ್ದೆನೆಂದುಕೊಂಡಿತು. ಆದಕಾರಣ ಪರೀಕ್ಷಕನು ಸಂಖ್ಯೆಯೊಂದನ್ನೇ ನಂಬದೆ, ಒಳಗಿನ ಪುಟದಲ್ಲಿ ಮಾತ್ರ ಇರತಕ್ಕ ಮಾತೊಂದು, ಉದಾಹರಣೆಗೆ ಆ ವಿದ್ಯಾರ್ಥಿಯ ಹೆಸರು, ಅಲ್ಲಿ ಕಂಡಿತೇ ಎಂದು ನೋಡಬೇಕು. ಇದಾದ ಮೇಲೆ ನಮ್ಮ ಸುಳ್ಳು ಯಶಸ್ಸಿನಿಂದಲೂ ಒಂದು ಲಾಭವನ್ನು ಪಡೆದೆವು. ಲಾಗಿನ್ ಇಲ್ಲದವನಿಗೆ ಎಂಬತ್ತು ಪುಟಗಳಲ್ಲಿ ಒಂದೂ ತೆರೆಯಲಿಲ್ಲವೆಂಬುದು ಅದರಿಂದ ಸಿದ್ಧವಾಗಿತ್ತಷ್ಟೆ.

ಮರುದಿನ ಅದಕ್ಕೆ ಕಾರ್ಯಾಲಯದ ಗುಮಾಸ್ತರ ಪಾಸ್‌ವರ್ಡನ್ನು ಕೊಟ್ಟು ಒಳಗೆ ಬಿಟ್ಟೆವು. ಎದುರಿಗೆ ಬಂದ ಕೊಂಡಿಗಳನ್ನೆಲ್ಲ ಒತ್ತುವುದೇ ಅದರ ಧರ್ಮ. ಎರಡನೆಯ ಕೊಂಡಿಯು "ಹೊರಗೆ ಹೋಗು" ಎಂಬುದಾಗಿತ್ತು. ಅದನ್ನು ಒತ್ತಿ ತಾನೇ ಹೊರಬಿದ್ದು, ಮತ್ತೆ ಪಡಸಾಲೆಯಲ್ಲಿ ಕುಳಿತಿತು. ಆ ಕೊಂಡಿಯನ್ನು ಮುಟ್ಟಬಾರದೆಂದು ಕಟ್ಟುಮಾಡಿ ಮೂರನೆಯ ಸಲ ಬಿಟ್ಟೆವು. ಈ ಸಲ ಅದು ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದಿದ್ದ "ಅಳಿಸು" ಎಂಬ ಕೊಂಡಿಯನ್ನು ಕ್ರಮವಾಗಿ ಒತ್ತುತ್ತ ಹೋಯಿತು. ನಮ್ಮ ಇಪ್ಪತ್ತುನಾಲ್ಕು ನದಿಗಳು ಒಂದು ನಿಮಿಷದೊಳಗೆ ಬತ್ತಿದವು. ನಿಜವಾದ ತಾಣದಲ್ಲಿ ಈ ಪ್ರಯೋಗವನ್ನು ಮಾಡಿದ್ದರೆ ನಿಮ್ಮ ಮಕ್ಕಳ ದಾಖಲೆಗಳಿಗೆ ಅದೇ ಗತಿಯಾಗುತ್ತಿತ್ತು. 2005ರಲ್ಲಿ ಗೂಗಲ್ ಸಂಸ್ಥೆಯು ಪುಟಗಳನ್ನು ಬೇಗನೆ ತೋರಿಸಲೆಂದು ಹೊರತಂದ ಒಂದು ಸಾಧನವು, ಬಳಸುವವನು ಒತ್ತುವ ಮೊದಲೇ ಕೊಂಡಿಗಳನ್ನು ಹಿಂಬಾಲಿಸುತ್ತ, ಲಾಗಿನ್ ಆದವರ ಪುಟಗಳಲ್ಲಿ ಅಳಿಸುವ ಕೊಂಡಿಗಳನ್ನೂ ಹಿಂಬಾಲಿಸಿ ಹಲವರ ಬರಹಗಳನ್ನು ಹಾಳುಮಾಡಿದುದುಂಟು. ನೋಡುವ ಕೊಂಡಿಯೂ ಅಳಿಸುವ ಕೊಂಡಿಯೂ ಒಂದೇ ಬಗೆಯವಾಗಿರಕೂಡದು, ಅಳಿಸುವುದಕ್ಕೆ ಪ್ರತ್ಯೇಕವಾದ ಕೋರಿಕೆಯೂ "ನಿಶ್ಚಯವೇ?" ಎಂಬ ಮರುಪ್ರಶ್ನೆಯೂ ಇರಬೇಕು. ಅದನ್ನು ಹಾಗೆಯೇ ತಿದ್ದಿಸಿದೆವು.

ಇಷ್ಟರಲ್ಲಿ ಯಂತ್ರದ ಮೇಲಿನ ಮೋಹ ಕಡಿಮೆಯಾಗಿ, ಕಾಗದವನ್ನು ತೆಗೆದುಕೊಂಡೆವು. ಒಂದು ಬದಿಗೆ ತಾಣದಲ್ಲಿರುವ ಹನ್ನೊಂದು ಬಗೆಯ ಪುಟಗಳು. ಮೇಲ್ಗಡೆ ಅವನ್ನು ಕೇಳಬಹುದಾದ ಜನ. ಪಾಲಕರು, ಉಪಾಧ್ಯಾಯರು, ಗುಮಾಸ್ತರು, ಕೋಶಾಧ್ಯಕ್ಷರು, ಲಾಗಿನ್ ಇಲ್ಲದವರು ಎಂದು ಐದು ಕಂಬಸಾಲುಗಳನ್ನು ಎಳೆದೆವು. ಗಣಿತದ ಉಪಾಧ್ಯಾಯರು ಅದನ್ನು ನೋಡಿ, "ಪಾಲಕರು ಎಂದರೆ ಯಾರ ಪಾಲಕರು?" ಎಂದು ಕೇಳಿದರು. ಈ ಪ್ರಶ್ನೆಯೇ ನಮ್ಮನ್ನು ಉಳಿಸಿತೆಂದರೆ ಅತಿಶಯೋಕ್ತಿಯಲ್ಲ. ಆ ಮಗುವಿನ ಪಾಲಕರು, ಬೇರೆ ಮಗುವಿನ ಪಾಲಕರು. ಆ ತರಗತಿಯ ಉಪಾಧ್ಯಾಯರು, ಬೇರೆ ತರಗತಿಯ ಉಪಾಧ್ಯಾಯರು ಎಂದು ಒಡೆದಾಗ ಸಾಲುಗಳು ಏಳಾದವು, ಮನೆಗಳು ಎಪ್ಪತ್ತೇಳು. ಅವುಗಳಲ್ಲಿ "ಹೌದು" ಎಂದು ಬರೆದವು ಇಪ್ಪತ್ತಾರು, "ಅಲ್ಲ" ಎಂದು ಬರೆದವು ಐವತ್ತೊಂದು. ಒಂದೊಂದು ಮನೆಯನ್ನೂ ಕೈಯಾರೆ ಪ್ರಯೋಗಿಸಿ ಗುರುತು ಹಾಕತೊಡಗಿದೆವು.

ಮೂರನೆಯ ಸಂಜೆ, 117ನೆಯ ಸಂಖ್ಯೆಯ ಕೃಷ್ಣೆಯ ತಂದೆಯಾಗಿ ಲಾಗಿನ್ ಮಾಡಿದೆವು. ಕೃಷ್ಣೆಯ ಅಂಕಗಳು ಸರಿಯಾಗಿ ಕಂಡವು. ಪುಟದ ವಿಳಾಸವು ಕೊನೆಯಲ್ಲಿ 117 ಎಂದು ಮುಗಿಯುತ್ತಿತ್ತು. ಅದನ್ನು ಅಳಿಸಿ 118 ಎಂದು ಬರೆದೆವು. ಭೀಮೆಯ ಅಂಕಗಳು ಬಂದವು. ಅವುಗಳೊಡನೆ ಜಾತಿ ಪ್ರಮಾಣಪತ್ರದ ಸಂಖ್ಯೆ, ಮನೆಯ ವರಮಾನ, ಸಹಾಯಧನ ಜಮೆಯಾಗುವ ಬ್ಯಾಂಕಿನ ಖಾತೆ, ತಾಯಿಯ ಫೋನು ಎಲ್ಲವೂ ಬಂದವು. 119 ಎಂದೆವು, ಮತ್ತೊಬ್ಬಳು ಬಂದಳು.

ಪಾಲಕರೇ, ಇದರ ಗಾಂಭೀರ್ಯವನ್ನು ವಿಚಾರಿಸಿರಿ. ಪಾಸ್‌ವರ್ಡ್ ಸರಿಯಾಗಿತ್ತು, ಬಿಲ್ಲೆ ನಿಜವಾದುದಾಗಿತ್ತು, ಕಳ್ಳತನವೆಂಬುದು ಎಲ್ಲಿಯೂ ಇರಲಿಲ್ಲ. ಗುಮಾಸ್ತನು "ನೀವು ಯಾರು?" ಎಂದು ಕೇಳಿದನೇ ಹೊರತು "ಈ ಕಾಗದ ನಿಮ್ಮದೇ?" ಎಂದು ಕೇಳಲಿಲ್ಲ. ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದು ಗುರುತಿನದು, ಎರಡನೆಯದು ಹಕ್ಕಿನದು. ಸಹಾಯಧನ ಬಂದಿದೆಯೆಂದು ಸುಳ್ಳು ಕರೆ ಮಾಡಿ ಒಟಿಪಿಯನ್ನು ಕೇಳುವ ವಂಚಕರಿಗೆ ಬೇಕಾದುದು ಇಂಥ ಪಟ್ಟಿಯೇ: ಮಗುವಿನ ಹೆಸರು, ತರಗತಿ, ಬ್ಯಾಂಕು, ತಾಯಿಯ ಫೋನು. ಇಷ್ಟನ್ನೂ ಸರಿಯಾಗಿ ಹೇಳಿದವನನ್ನು ಯಾವ ತಾಯಿ ತಾನೇ ನಂಬದಿರುವಳು?

ದೊಡ್ಡವರೂ ಈ ಹಳ್ಳಕ್ಕೆ ಬಿದ್ದಿರುವರು. 2019ರ ಮೇ ತಿಂಗಳಲ್ಲಿ, ಅಮೆರಿಕದಲ್ಲಿ ಮನೆ-ನಿವೇಶನಗಳ ಹಕ್ಕುಪತ್ರಗಳ ವಿಮೆಯನ್ನು ಮಾಡುವ ಫಸ್ಟ್ ಅಮೆರಿಕನ್ ಎಂಬ ಭಾರೀ ಸಂಸ್ಥೆಯ ತಾಣದಲ್ಲಿ, ವಿಳಾಸದ ಅಂಕಿಯೊಂದನ್ನು ಬದಲಿಸಿದರೆ ಬೇರೆಯವರ ಕಾಗದ ತೆರೆಯುವುದೆಂಬುದು ಬಯಲಾಯಿತು. ಹೀಗೆ ತೆರೆದುಕೊಂಡಿದ್ದ ಕಾಗದಗಳು ಸುಮಾರು 88 ಕೋಟಿ 50 ಲಕ್ಷ; ಅಲ್ಲಿ ಪಾಸ್‌ವರ್ಡೂ ಬೇಕಾಗಿರಲಿಲ್ಲ. ವೆಬ್‌ಸೈಟುಗಳ ಭದ್ರತೆಯ ವಿಚಾರದಲ್ಲಿ ಪ್ರಮಾಣವೆಂದು ಲೋಕವೆಲ್ಲ ಗಣಿಸುವ ಒವಾಸ್ಪ್ ಎಂಬ ಸಂಸ್ಥೆಯು ಮುಖ್ಯವಾದ ಹತ್ತು ದೋಷಗಳ ಪಟ್ಟಿಯನ್ನು ಕಾಲಕಾಲಕ್ಕೆ ಪ್ರಕಟಿಸುವುದು. 2017ರ ಪಟ್ಟಿಯಲ್ಲಿ ಐದನೆಯದಾಗಿದ್ದ ಈ ಹಕ್ಕಿನ ದೋಷವು 2021ರ ಪಟ್ಟಿಯಲ್ಲಿ ಮೊದಲನೆಯದಾಯಿತು.

ಇದನ್ನು ತಿದ್ದುವ ವಿಷಯದಲ್ಲಿ ನಮ್ಮಲ್ಲಿ ವಾದವೇ ನಡೆಯಿತು. ವಿಳಾಸವು ಕಾಣದಂತೆ ಮರೆಮಾಡಿದರಾಯಿತೆಂದು ಒಬ್ಬರು ಹೇಳಿದರು. 118ರಂಥ ಸುಲಭ ಸಂಖ್ಯೆಗೆ ಬದಲು, ಯಾರೂ ಊಹಿಸಲಾಗದ ಮೂವತ್ತು ಅಕ್ಷರಗಳ ಗುರುತನ್ನು ಕೊಡೋಣವೆಂದು ಮತ್ತೊಬ್ಬರೆಂದರು. ಎರಡನೆಯದು ಮೊದಲನೆಯದಕ್ಕಿಂತ ಮೇಲು. ಆದರೂ ಅದು ಮನೆಯ ಕೀಲಿಕೈಯನ್ನು ಹೊಸ್ತಿಲ ಕೆಳಗಿಡುವುದನ್ನು ಬಿಟ್ಟು ಸೂರಿನಲ್ಲಿ ಸಿಕ್ಕಿಸಿದಂತೆ. ವಿಳಾಸವನ್ನು ಒಬ್ಬರು ವಾಟ್ಸಾಪಿನಲ್ಲಿ ಮತ್ತೊಬ್ಬರಿಗೆ ಕಳುಹಿಸಿದರೆ ಗುಟ್ಟು ಮುಗಿಯಿತು. ಕೊನೆಗೆ ಒಪ್ಪಿದುದು ಇಷ್ಟು: ಪ್ರತಿ ಸಲ, ಪ್ರತಿ ಪುಟಕ್ಕೆ, ಬಿಲ್ಲೆಯ ಒಡೆಯನಿಗೂ ಕೇಳಿದ ಕಾಗದಕ್ಕೂ ಸಂಬಂಧವುಂಟೇ ಎಂದು ಸರ್ವರೇ ತನ್ನ ದಫ್ತರದಲ್ಲಿ ನೋಡಬೇಕು, ಇಲ್ಲವಾದರೆ ಕೊಡಕೂಡದು. ಇದಕ್ಕಾಗಿ ಎಲ್ಲ ಹನ್ನೊಂದು ಬಗೆಯ ಪುಟಗಳನ್ನೂ ಮತ್ತೆ ಬರೆಯಬೇಕಾಯಿತು. ವಿಳಂಬದ ಬಹುಪಾಲು ಇಲ್ಲಿಯೇ ಆದುದು.

ಇದೇ ದೋಷದ ಮತ್ತೊಂದು ರೂಪವು ಅಂಕಗಳನ್ನು ತಿದ್ದುವಲ್ಲಿ ಕಂಡಿತು. ಉಪಾಧ್ಯಾಯರಿಗೆ ಕಾಣುವ "ತಿದ್ದು" ಎಂಬ ಗುಂಡಿಯು ಪಾಲಕರಿಗೆ ಕಾಣುತ್ತಿರಲಿಲ್ಲ. ಅದರಿಂದ ಭದ್ರವಾಯಿತೆಂದುಕೊಂಡಿದ್ದೆವು. ಆದರೆ ಗುಂಡಿಯನ್ನು ಒತ್ತಿದಾಗ ಸರ್ವರಿಗೆ ಹೋಗುವ ಕೋರಿಕೆಯನ್ನು ಗುಂಡಿಯಿಲ್ಲದೆಯೂ ಕಳುಹಿಸಬಹುದು. ನಮ್ಮ ಹಳೆಯ ವಿದ್ಯಾರ್ಥಿಯು ಪಾಲಕರ ಬಿಲ್ಲೆಯನ್ನು ಇಟ್ಟುಕೊಂಡು ಅಂಥ ಕೋರಿಕೆಯನ್ನು ಕಳುಹಿಸಿ, ಗಣಿತದಲ್ಲಿ ಕೃಷ್ಣೆಗೆ ನೂರಕ್ಕೆ ನೂರು ಕೊಡಿಸಿದರು. ವಿದ್ಯಾರ್ಥಿಗಳು ಇದನ್ನು ಓದಿ ಹಿಗ್ಗಬೇಕಾಗಿಲ್ಲ. ಆ ದಾರಿಯೂ ಈಗ ಮುಚ್ಚಿದೆ.

ಹೊರಹೋಗುವುದರ ಪರೀಕ್ಷೆಯು ಒಳಬರುವುದರಷ್ಟೇ ಮುಖ್ಯ. ನಮ್ಮ ಪಾಲಕರಲ್ಲಿ ಎಷ್ಟೋ ಮಂದಿ ಇಂಥ ಕೆಲಸಗಳಿಗೆ ಮೀಸೇವಾ ಕೇಂದ್ರಕ್ಕೋ ಇಂಟರ್ನೆಟ್ ಅಂಗಡಿಗೋ ಹೋಗುವರು. ಅಲ್ಲಿಯ ಕಂಪ್ಯೂಟರು ದಿನವಿಡೀ ಹತ್ತಾರು ಜನರ ಕೈಗೆ ಸಿಕ್ಕುವುದು. ನೀವು "ಹೊರಗೆ ಹೋಗು" ಎಂದು ಒತ್ತಿ ಎದ್ದ ಮೇಲೆ, ಮುಂದಿನವನು ಹಿಂದಿರುಗುವ ಬಾಣವನ್ನು ಒತ್ತಿದರೆ ನಿಮ್ಮ ಪುಟವು ಮತ್ತೆ ಕಾಣುವುದೇ? ನಮ್ಮ ನಕಲಿನಲ್ಲಿ ಕಂಡಿತು. ಬ್ರೌಸರು ಆ ಪುಟದ ಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡಿತ್ತು. ಈ ಪುಟವನ್ನು ಉಳಿಸಿಕೊಳ್ಳಕೂಡದೆಂದು ಸರ್ವರಿನಿಂದ ಅಪ್ಪಣೆ ಕೊಡಿಸಿ ಅದನ್ನು ಸರಿಪಡಿಸಿದೆವು. ಅದಕ್ಕಿಂತ ಸೂಕ್ಷ್ಮವಾದುದು ಬಿಲ್ಲೆಯ ವಿಷಯ. ಹೊರಹೋಗುವಾಗ ಬ್ರೌಸರಿನ ಕೈಯಿಂದ ಬಿಲ್ಲೆಯನ್ನು ಕಸಿದುಕೊಂಡರೆ ಸಾಲದು. ಮೊದಲೇ ನಕಲುಮಾಡಿ ಇಟ್ಟುಕೊಂಡವನು ಅದನ್ನೇ ತೋರಿಸಬಹುದು. ಸರ್ವರು ಆ ಬಿಲ್ಲೆಯ ಸಂಖ್ಯೆಯನ್ನೇ ತನ್ನ ಪಟ್ಟಿಯಿಂದ ಹೊಡೆದುಹಾಕಬೇಕು. ಗದ್ವಾಲದ ಸೀರೆಯನ್ನು ಕೊಳ್ಳಬಲ್ಲವರು ಅದರ ರೇಷ್ಮೆಯ ದಡಿಯು ನೂಲಿನ ಒಡಲಿಗೆ ಕೂಡುವೆಡೆಯನ್ನೇ ಬೆರಳಿನಿಂದ ಹಿಡಿದು ನೋಡುವಂತೆ, ನಾವೂ ಒಳಹೊರಗುಗಳು ಕೂಡುವ ಈ ಜಾಗದಲ್ಲಿ ಎರಡು ಸಂಜೆಗಳನ್ನು ಕಳೆದೆವು. ಏನೂ ಮಾಡದೆ ಹದಿನೈದು ನಿಮಿಷ ಬಿಟ್ಟರೆ ಪುಟವು ತಾನಾಗಿಯೇ ಮುಚ್ಚುವಂತೆಯೂ ಮಾಡಿದೆ. ಒಲೆಯ ಮೇಲೆ ಅನ್ನವಿಟ್ಟು ಬಂದು ನೋಡುವ ತಾಯಂದಿರಿಗೆ ಇದರಿಂದ ತೊಂದರೆಯಾದೀತೆಂದು ಬಲ್ಲೆವು. ಆದರೂ ಇರಲಿ ಎಂದೆವು.

ಕನ್ನಡಿಗರಾದ ನಮಗೇ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಲಾಗಿನ್ನಿನ ಹೆಸರನ್ನು ಕನ್ನಡದಲ್ಲಿಯೂ ಬರೆಯಬಹುದೆಂದು ನಾವು ಅವಕಾಶವಿತ್ತೆವು. ಗೋದಾವರಿ ಎಂಬ ಕಲ್ಪಿತ ವಿದ್ಯಾರ್ಥಿನಿಗೆ ಒಂದು ಯಂತ್ರದಲ್ಲಿ ತೆರೆದ ಬಾಗಿಲು ಮತ್ತೊಂದರಲ್ಲಿ ತೆರೆಯಲೊಲ್ಲದು. ಕಣ್ಣಿಗೆ ಹೆಸರು ಒಂದೇ. ಬಹಳ ತಡಕಾಡಿದ ಮೇಲೆ ಕಾರಣ ದೊರೆಯಿತು. "ಗೋ" ಎಂಬಲ್ಲಿಯ ಓಕಾರದ ಗುರುತನ್ನು ಯಂತ್ರವು ಒಂದೇ ಸಂಕೇತವಾಗಿಯೂ ಇಟ್ಟುಕೊಳ್ಳಬಹುದು; ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ಸಂಕೇತಗಳನ್ನು ಜೋಡಿಸಿಯೂ ಇಟ್ಟುಕೊಳ್ಳಬಹುದು. ಬರಹ ಒಂದೇ ರೀತಿ ಕಂಡರೂ ಯಂತ್ರಕ್ಕೆ ಅವು ಬೇರೆ ಬೇರೆ. "ರಾಜ್‌ಕುಮಾರ್" ಎಂಬಲ್ಲಿ ಜಕಾರಕ್ಕೆ ಕಕಾರವು ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಇನ್ನೊಂದು ಸಂಕೇತವಿರುವುದು. ಒಬ್ಬರು ಅದನ್ನು ಒತ್ತಿದರೆ ಮತ್ತೊಬ್ಬರು ಬಿಡುವರು. ಹೋಲಿಸಿ ನೋಡುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂಬುದೇ ಇದಕ್ಕೆ ಪರಿಹಾರ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡುವವರಿಗೆ ಇದು ಎಂದಿಗೂ ಗೊತ್ತಾಗುವಂತಿಲ್ಲ. ನಮ್ಮ ಮಕ್ಕಳ ಹೆಸರುಗಳು ಶಾಲೆಯಲ್ಲಿ ಕನ್ನಡದಲ್ಲಿಯೂ, ಕಚೇರಿಯಲ್ಲಿ ತೆಲುಗಿನಲ್ಲಿಯೂ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿಯೂ ಇರುವುದರಿಂದ, ಈ ಪರೀಕ್ಷೆಯನ್ನು ನಾವೇ ಮಾಡದೆ ಗತ್ಯಂತರವಿರಲಿಲ್ಲ.

ಪಾಸ್‌ವರ್ಡನ್ನು ಮರೆತವರಿಗೆ ಫೋನಿನ ಮೂಲಕ ಒಟಿಪಿ ಬರುವುದು. ಆರಂಕಿಯ ಒಟಿಪಿಯೆಂದರೆ ಒಟ್ಟು ಹತ್ತು ಲಕ್ಷ ಸಾಧ್ಯತೆಗಳು. ಮನುಷ್ಯನಿಗೆ ಇದು ಬಹಳ; ತಪ್ಪಿದಷ್ಟು ಸಲ ಮತ್ತೆ ಬರೆಯಲು ಬಿಟ್ಟರೆ ಯಂತ್ರಕ್ಕೆ ಇದು ಏನೂ ಅಲ್ಲ. ಆದಕಾರಣ ಐದು ಸಲ ತಪ್ಪಿದರೆ ಆ ಒಟಿಪಿಯು ಸತ್ತುಹೋಗುವಂತೆಯೂ, ಹತ್ತು ನಿಮಿಷ ಕಳೆದರೆ ಹಳತಾಗುವಂತೆಯೂ ಇದೆ. ಪರೀಕ್ಷೆಯ ಕಾಲದಲ್ಲಿ ನೂರಾರು ಸಲ ಫೋನಿಗೆ ಸಂದೇಶ ತರಿಸುವುದು ಖರ್ಚಿನ ಬಾಬತ್ತಾದ್ದರಿಂದ, ನಕಲಿನಲ್ಲಿ ಸದಾ ಒಪ್ಪಿಗೆಯಾಗುವ ಒಂದು ನಿಶ್ಚಿತ ಸಂಖ್ಯೆಯನ್ನು ಇಟ್ಟುಕೊಂಡಿದ್ದೆವು. ಅದು ಮರೆತು ನಿಜವಾದ ತಾಣಕ್ಕೂ ಹೋದರೆ ಇಡೀ ಊರಿಗೇ ಬಾಗಿಲು ತೆರೆದಂತೆ. ನಮ್ಮ ಕಾಗದದಲ್ಲಿ ಕೆಂಪು ಮಸಿಯಿಂದ ಬರೆದ ಸಾಲು ಅದೊಂದೇ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ನಾವು ಮಾಡಿದ ಈ ಪ್ರಯೋಗಗಳನ್ನೆಲ್ಲ ನಮ್ಮದೇ ತಾಣದ ನಕಲಿನ ಮೇಲೆ, ಸಂಘದ ಲಿಖಿತ ಅನುಮತಿಯಿಂದ ಮಾಡಿದೆವು. ಸರಕಾರದ ತಾಣದ ಮೇಲಾಗಲಿ, ಬ್ಯಾಂಕಿನ ತಾಣದ ಮೇಲಾಗಲಿ, ಕುತೂಹಲಕ್ಕೆಂದೇ ಆದರೂ ವಿಳಾಸದ ಅಂಕಿಯನ್ನು ಬದಲಿಸಿ ಬೇರೆಯವರ ಕಾಗದವನ್ನು ತೆರೆಯಲು ಹೋಗಬಾರದು. ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರಿನೊಳಗೆ ಪ್ರವೇಶಿಸುವುದನ್ನು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಕಲಮು ನಿಷೇಧಿಸಿದೆ. ದುರುದ್ದೇಶದಿಂದ ಮಾಡಿದುದಾದರೆ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆಮನೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಕಸ್ಮಾತ್ತಾಗಿ ಅಂಥ ದೋಷವು ಕಣ್ಣಿಗೆ ಬಿದ್ದರೆ, ಮುಂದುವರಿಯದೆ, ಗೆಳೆಯರಿಗೆ ತೋರಿಸದೆ, ಉಪಾಧ್ಯಾಯರಿಗೆ ತಿಳಿಸಿರಿ. ಇಂಥ ವರದಿಗಳನ್ನು ಸ್ವೀಕರಿಸುವುದಕ್ಕೆಂದೇ ಕೇಂದ್ರ ಸರಕಾರದ ಸರ್ಟ್-ಇನ್ ಎಂಬ ಸಂಸ್ಥೆಯು 2004ರಿಂದ ಇದೆ. ಅಲ್ಲಿಗೆ ಬರೆಯಲು ನಾವು ನೆರವಾಗುವೆವು.

ಈ ಲೇಖನವನ್ನು ಅಚ್ಚಿಗೆ ಕೊಡುವ ವೇಳೆಗೆ ಎಪ್ಪತ್ತೇಳು ಮನೆಗಳಲ್ಲಿ ಎಪ್ಪತ್ತನಾಲ್ಕಕ್ಕೆ ಗುರುತು ಬಿದ್ದಿದೆ. ಉಳಿದ ಮೂರೂ ಕೋಶಾಧ್ಯಕ್ಷರ ಪುಟಗಳವು. ಅವರು ಊರಿನಿಂದ ಬಂದೊಡನೆ ಎದುರಿಗೆ ಕುಳ್ಳಿರಿಸಿಕೊಂಡು ನೋಡುವೆವು. ಅಷ್ಟರವರೆಗೆ ಅಂಕಗಳೂ ಸಹಾಯಧನದ ಲೆಕ್ಕವೂ ಹಿಂದಿನಂತೆ ಕಾಗದದಲ್ಲಿಯೇ ಮನೆಗೆ ಬರುವವು. ತೆರೆಯುವ ದಿನವನ್ನು ಶಾಲೆಯ ಫಲಕದಲ್ಲಿ ಬರೆಯಲಾಗುವುದು. ಆ ದಿನ ಪಾಲಕರು ತಮ್ಮ ಫೋನನ್ನು ತಾವೇ ತರಬೇಕು. ಪಾಸ್‌ವರ್ಡನ್ನು ತಾವೇ ಬರೆಯಬೇಕು. ನಾವು ಪಕ್ಕದಲ್ಲಿದ್ದು ದಾರಿ ತೋರಿಸುವೆವು, ಬರೆಯುವಾಗ ಮುಖ ತಿರುಗಿಸಿಕೊಳ್ಳುವೆವು. ನಕಲಿನ ತಾಣವನ್ನು ಮಾತ್ರ ಅಳಿಸಿಲ್ಲ. ಒಂಬತ್ತು ಮತ್ತು ಹತ್ತನೆಯ ತರಗತಿಗಳ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಕಂಪ್ಯೂಟರಿನ ಕೋಣೆಗೆ ಬಂದು, ಕೃಷ್ಣೆಯ ತಂದೆಯಾಗಿ ಒಳಹೊಕ್ಕು, ಭೀಮೆಯ ಪುಟವನ್ನು ತೆರೆಯಲು ತಮಗೆ ತೋಚಿದ ಉಪಾಯಗಳನ್ನೆಲ್ಲ ಪ್ರಯೋಗಿಸಬಹುದು. ಯಾರಿಗಾದರೂ ತೆರೆದರೆ, ಏನನ್ನು ಒತ್ತಿದೆವು, ಏನು ಕಂಡಿತು ಎಂಬುದನ್ನು ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದು ಗಣಿತದ ಉಪಾಧ್ಯಾಯರಿಗೆ ಒಪ್ಪಿಸತಕ್ಕದ್ದು.